ಹದಿನೇಳನೆಯ ಪ್ರಶ್ನೆ

ಮಧ್ಯಾಹ್ನ ಒಂದು ಗಂಟೆ ದಾಟಿದರೆ ಶಿವಬಸವ್ವ ನೀರು ಕುಡಿಯುವುದಿಲ್ಲ. ತಲೆಯ ಮೇಲೆ ಮರಳಿನ ಬುಟ್ಟಿ, ನೆತ್ತಿಯ ಮೇಲೆ ಪುಣೆಯ ಹಿಂಜವಾಡಿಯ ಬಿಸಿಲು. ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡರೂ ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗುವುದಾದರೂ ಎಲ್ಲಿಗೆ?

ಇಪ್ಪತ್ತೆರಡು ಅಂತಸ್ತಿನ ಕಟ್ಟಡದ ಬೆನ್ನಿಗೆ ಅರವತ್ತನಾಲ್ಕು ತಗಡಿನ ಖೋಲಿಗಳು. ಇಂಡಿ, ಸಿಂದಗಿ, ಅಫಜಲಪುರದ ಕಡೆಯಿಂದ ಬಂದವರೇ ಹೆಚ್ಚು. ಕಟ್ಟಡದ ಒಂದೊಂದು ಫ್ಲಾಟಿಗೆ ಮೂರು ಮೂರು ಬಚ್ಚಲುಮನೆ. ಆ ಬಚ್ಚಲುಮನೆಗಳ ಹಾಸುಬಿಲ್ಲೆಯನ್ನೆಲ್ಲ ಮೇಲಕ್ಕೆ ಹೊತ್ತವರು ಈ ಖೋಲಿಗಳ ಹೆಂಗಸರೇ. ಅವರಿಗೆ ಮಾತ್ರ ನಾಲೆಯ ದಂಡೆಯ ಜಾಲಿಪೊದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಿ ಬಂದರೆ ಮುಗಿಯಿತು, ಮತ್ತೆ ಕತ್ತಲಾಗುವವರೆಗೆ ತಡೆದುಕೊಂಡಿರಬೇಕು. ಗಂಡಸರಿಗೇನು, ಗೋಡೆ ಕಂಡಲ್ಲಿ ನಿಂತುಬಿಡುತ್ತಾರೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ಬುಟ್ಟಿ ಹೊರುತ್ತಾರೆ. ನೀರು ಕುಡಿಯಬಾರದು ಎಂದು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಮಗ ಮಾಂತುವನ್ನು ಮದುವೆಯಾಗಿ ಬಂದ ಸೊಸೆ ಶೀತಲ್ ಕೂಡ ಒಂದೇ ವಾರದಲ್ಲಿ ತಾನಾಗಿ ಕಲಿತುಕೊಂಡಳು. ಈಗ ಅವಳು ನಾಲ್ಕು ತಿಂಗಳ ಬಸುರಿ. ಮಾಂತು ಸಾಸವಡದ ಕಡೆ ರಸ್ತೆ ಕೆಲಸಕ್ಕೆ ಹೋದವನು ಹದಿನೈದು ದಿನಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಾನೆ.

ಹೀಗಿರುವಾಗ ಸರ್ವೆಯ ಸುದ್ದಿ ಬಂತು. ತಂದವನು ಮುಕಾದಮ ಸಿದ್ರಾಮಪ್ಪ. ಇವರನ್ನೆಲ್ಲ ಊರಿಂದ ಲಾರಿಯಲ್ಲಿ ತುಂಬಿಕೊಂಡು ಬಂದು ಕೆಲಸಕ್ಕೆ ಹಚ್ಚಿದವನು ಅವನೇ.

"ಸೋಮವಾರ ಸರ್ಕಾರದಿಂದ ಸರ್ವೆದವ್ರು ಬರ್ತಾರ. ಕೇಳಿದ್ದಕ್ಕ ಹೂಂ ಅನ್ರಿ, ಹೆಬ್ಬಟ್ಟ ಒತ್ರಿ, ಕೆಲಸಕ್ಕ ಬರ್ರಿ. ಹೆಚ್ಚಿಗಿ ಮಾತ ಬ್ಯಾಡ."

ಅವನು ಅತ್ತ ಹೋದದ್ದೇ ಪಕ್ಕದ ಖೋಲಿಯ ಸಾಬವ್ವ ಹೆಂಗಸರನ್ನೆಲ್ಲ ಗುಡ್ಡೆ ಹಾಕಿದಳು. ಸಾಬವ್ವನ ಬಾಯಿ ದೊಡ್ಡದು, ಕಿವಿ ಇನ್ನೂ ದೊಡ್ಡದು.

"ಹೋದ ವರ್ಷ ಆಚಿ ಕ್ಯಾಂಪಿನ್ಯಾಗೂ ಹಿಂಗ ಸರ್ವೆ ಬಂದಿತ್ತಂತ. ಸಂಡಾಸ ಇಲ್ಲ ಅಂತ ಎಲ್ಲಾರೂ ಬರಸಿದ್ರು. ನಾಕ ತಿಂಗಳಿಗೆ ಆರ ಸಂಡಾಸ ಬಂದು ನಿಂತಾವ! ಬಾಗಲಾ ಅದಾವ, ಒಳಗ ಚಿಲಕ ಅದಾವ!"

ಚಿಲಕ ಎಂಬ ಮಾತು ಕೇಳಿದ್ದೇ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗಿನಿಂದ ಹಾಕಿಕೊಳ್ಳುವ ಚಿಲಕ! ಅಲ್ಲಿಯೇ ಮಾತಾಯಿತು. ಎಲ್ಲರಿಗಿಂತ ಮೊದಲು ಶಿವಬಸವ್ವ ಹೇಳಬೇಕು, ಅವಳು ಹಿರಿಯಳು, ತೊದಲುವವಳಲ್ಲ. ಅವಳು ಹೇಳಿದಂತೆ ಉಳಿದವರು ಹೇಳಬೇಕು.

"ಹೇಳ್ತೀನಿ ತಗೋರಿ. ನನಗೇನ ಅಂಜಿಕಿ?" ಎಂದಳು ಶಿವಬಸವ್ವ.

ಸೋಮವಾರ ಬಂದವನು ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ಮರಾಠಿಯಲ್ಲಿ ಶುರು ಮಾಡಿದವನು ಶಿವಬಸವ್ವನ ಉಚ್ಚಾರ ಕೇಳಿ ನಕ್ಕುಬಿಟ್ಟ.

"ಅಕ್ಕಾರ, ನೀವು ನಮ್ಮ ಕಡಿಯವ್ರ ಏನ್ರಿ? ಯಾ ಊರು?"

ಅವಳು ಗಂಡನ ಊರು ಹೇಳಿದಳು. ತವರು ಯಾವುದು ಎಂದ. ಅದನ್ನೂ ಹೇಳಿದಳು. ಹುಡುಗ ಚಾಪೆಯ ಮೇಲೆ ನೆಟ್ಟಗೆ ಕುಳಿತ.

"ಅಯ್ಯ, ನಾನೂ ಅದ ಊರಾಂವ್ರಿ! ಅಗಸಿ ಮುಂದಿನ ಜಟ್ಟೆಪ್ಪನ ಸಣ್ಣ ಮಗ, ಅಮರ."

ಶಿವಬಸವ್ವನ ಕೈ ತಾನಾಗಿ ಸೆರಗಿಗೆ ಹೋಯಿತು. ಜಟ್ಟೆಪ್ಪ ಕಾಕಾನ ಮಗ! ತವರುಮನೆಯ ಗೋಡೆಗೆ ಗೋಡೆ ಹತ್ತಿದ ಮನೆ. ಈ ಹುಡುಗ ತಾಯಿಯ ಕಂಕುಳಲ್ಲಿದ್ದಾಗ ನೋಡಿದ್ದು. ಸಂತೋಷಕ್ಕೆ ಅವಳ ಕಣ್ಣು ತುಂಬಿತು. ಸಂತೋಷದ ಹಿಂದೆಯೇ ಭಯವೂ ಬಂತು. ಇವನು ಊರಿಗೆ ಹೋಗುತ್ತಾನೆ. ಅಪ್ಪನಿಗೆ ಹೇಳುತ್ತಾನೆ. ಅಪ್ಪ ಕಟ್ಟೆಯ ಮೇಲೆ ಕುಳಿತು ಅವಳ ಅಣ್ಣನಿಗೆ ಹೇಳುತ್ತಾನೆ.

ಕೊಟ್ಟ ಹೆಣ್ಣುಮಕ್ಕಳು ತವರಿನವರ ಮುಂದೆ ಕಷ್ಟ ಬಿಚ್ಚುವುದುಂಟೇ? ಇಪ್ಪತ್ತೇಳು ವರ್ಷದಿಂದ ಶಿವಬಸವ್ವ ಬಿಚ್ಚಿರಲಿಲ್ಲ. ಗಂಡ ಸತ್ತ ವರ್ಷ ತಾಯಿ ಬಂದಾಗ ನೆರೆಮನೆಯ ಅಕ್ಕಿ ತಂದು ಅನ್ನ ಮಾಡಿ, ಹೊಟ್ಟೆ ತುಂಬಿದೆಯೆಂದು ತಾನು ಉಣ್ಣದೆ ಕುಳಿತವಳು. ಅಣ್ಣ ಫೋನು ಮಾಡಿದರೆ ಪುಣೆಯಲ್ಲಿ ಗಾಳಿ ಬೆಳಕಿನ ಖೋಲಿ, ಎಲ್ಲ ಚೆನ್ನಾಗಿದೆ ಎನ್ನುವವಳು. ಅದು ಅವಳಿಗೆ ಸುಳ್ಳು ಅನ್ನಿಸಿಯೇ ಇರಲಿಲ್ಲ. ತವರಿಗೆ ಕೊಡಬೇಕಾದ ಮರ್ಯಾದೆ ಎಂದುಕೊಂಡಿದ್ದಳು.

ಚಹಾ ಇಟ್ಟಳು. ಸಾಬವ್ವನ ಮನೆಯಿಂದ ಹಾಲು ತರಿಸಿದಳು. ಅಮರ ಟ್ಯಾಬು ತೆರೆದ.

"ಅಂಜಬ್ಯಾಡ್ರಿ ಅಕ್ಕಾ. ದೇಶ ಕಟ್ಟಬೇಕಂದ್ರ ಯಾರ ಮನ್ಯಾಗ ಏನದ, ಏನಿಲ್ಲ ಅನ್ನೋದು ಮೊದಲ ಗೊತ್ತಾಗಬೇಕಲ್ರಿ. ನಮಗ ಟ್ರೇನಿಂಗಿನ್ಯಾಗ ಹಂಗ ಹೇಳ್ಯಾರ. ಲೆಕ್ಕ ತಪ್ಪಿದ್ರ ಕಟ್ಟೋದೂ ತಪ್ತದ."

"ಕಟ್ಟೋದು ನಮಗ ಹೇಳತಿ ಏನ್ ತಮ್ಮಾ? ಕೇಳ, ಕೇಳ."

ಅವನು ಕೇಳಿದ. ದಿನಕ್ಕೆ ಎಷ್ಟು ಊಟ? ಮೂರು. ಹಾಲು? ದಿನಾಲೂ. ಗ್ಯಾಸು? ಇದೆ. ಸಿಲಿಂಡರು ಮೂರು ತಿಂಗಳಿಂದ ಖಾಲಿಯಿದ್ದು ಅದರ ಮೇಲೆ ಅರಿವೆಯ ಗಂಟು ಕುಳಿತಿರುವುದನ್ನು ಅವಳು ಹೇಳಲಿಲ್ಲ. ಬಾಗಿಲ ಹೊರಗೆ ಹತ್ತೆಂಟು ಹೆಂಗಸರು ಕಿವಿಗೊಟ್ಟು ನಿಂತಿದ್ದರು. ಅವರು ಕಾಯುತ್ತಿದ್ದುದು ಒಂದೇ ಪ್ರಶ್ನೆಗಾಗಿ.

ಅದು ಹದಿನೇಳನೆಯದು. ಅಮರನಿಗೂ ಕೇಳಲು ಬಾಯಿ ಬರಲಿಲ್ಲ. ತಾಯಿಯಂಥ ಅಕ್ಕನನ್ನು ಹೀಗೆ ಕೇಳುವುದೆಂದರೆ! ಟ್ಯಾಬಿನ ಮೇಲೆಯೇ ಕಣ್ಣು ನೆಟ್ಟು ಗಡಿಬಿಡಿಯಲ್ಲಿ ಓದಿದ.

"ಮನಿಗೆ ಸಂಡಾಸ ಅದ ಏನ್ರಿ? ಇಲ್ಲಂದ್ರ... ನೀವು... ಹೊರಕಡಿ..."

"ಅದ," ಎಂದಳು ಶಿವಬಸವ್ವ.

ಹೇಳಿದ್ದು ಅವಳಿಗೇ ಕೇಳಿಸಿತು. ಹೊರಗಿನ ಪಿಸುಮಾತು ನಿಂತದ್ದೂ ಕೇಳಿಸಿತು. ಹೊರಕಡೆ ಎಂಬ ಮಾತನ್ನು ತವರಿನ ಹುಡುಗನ ಬಾಯಿಂದ ಪೂರ್ತಿ ಕೇಳುವುದಕ್ಕಿಂತ ಸಾಯುವುದು ಮೇಲು ಎನ್ನಿಸಿತ್ತು ಅವಳಿಗೆ ಆ ಗಳಿಗೆ.

"ಒಂದ ಫೋಟೋ ಹೊಡಕೋಬೇಕ್ರಿ ಅಕ್ಕಾ..."

"ಅಲ್ಲೇ ಹಿಂದ ಅದ. ಹೆಂಗಸರದು. ನೀ ಎಲ್ಲಿ ಬರ್ತಿ ಅಲ್ಲಿಗೆ? ಚಹಾ ಕುಡಿ."

ಅವನು ಒತ್ತಾಯ ಮಾಡಲಿಲ್ಲ. ಟ್ಯಾಬು ಮುಂದೆ ಚಾಚಿದ, ಅವಳು ಹೆಬ್ಬೆಟ್ಟು ಒತ್ತಿದಳು.

ಮುಂದಿನ ಖೋಲಿ ಸಾಬವ್ವನದು. ಆ ದೊಡ್ಡ ಬಾಯಿಯ ಸಾಬವ್ವನೂ "ಅದ ರೀ" ಎಂದಳು. ಅದರಾಚೆಯವಳೂ ಹಾಗೆಯೇ. ಆಮೇಲೆ ಸಾಬವ್ವ ಶಿವಬಸವ್ವನ ಮೇಲೆ ಹರಿಹಾಯ್ದಳು. "ನೀ ಅದ ಅಂದಮ್ಯಾಲ ನಾ ಒಬ್ಬಾಕಿ ಚರಿಗಿ ತಗೊಂಡ ಬೈಲಿಗೆ ಹೋಗಾಕಿ ಅಂತ ಬರಸಲೇನು? ನನಗ ಮಾನ ಇಲ್ಲೇನು?"

ಅರವತ್ತನಾಲ್ಕು ಮನೆ, ಅರವತ್ತನಾಲ್ಕು "ಅದ". ಸಿದ್ರಾಮಪ್ಪನ ಮುಖ ಹೋಳಿಗೆ ತಿಂದವರ ಮುಖ. ಅಮರನ ಹೆಗಲ ಮೇಲೆ ಕೈ ಹಾಕಿ, "ಫೋಟೋಕ್ಕ ಯಾಕ ಚಿಂತಿ, ನಾ ತೋರಸ್ತೀನಿ ಬಾ" ಎಂದು ಕಟ್ಟಡದ ಮುಂದಿನ ಸೇಲ್ಸ್ ಆಫೀಸಿನ ಕಡೆ ಕರೆದೊಯ್ದ. ಅಲ್ಲಿ ಗಾಜಿನ ಗೋಡೆಯ ಒಳಗೆ, ಫ್ಲಾಟು ನೋಡಲು ಬರುವ ಸಾಹೇಬರಿಗಾಗಿ ಕಟ್ಟಿದ, ಹಸಿರು ಬಾಗಿಲಿನ ಪಾಯಖಾನೆ ಇತ್ತು. ಅಮರ ಅದರ ಮುಂದೆ ನಿಂತು ಟ್ಯಾಬು ಎತ್ತುವುದನ್ನು ಶಿವಬಸವ್ವ ಮರಳಿನ ರಾಶಿಯ ಮೇಲಿಂದ ನೋಡಿದಳು. ನೋಡಿ ಸುಮ್ಮನೆ ಬುಟ್ಟಿ ಎತ್ತಿಕೊಂಡಳು.

ಎರಡು ತಿಂಗಳಿಗೆ ಫಲ ಬಂತು. ಕ್ಯಾಂಪಿಗೆ ನೂರಕ್ಕೆ ನೂರು! ಸಂಡಾಸ ಬೇಕಾದವರ ಪಟ್ಟಿಯಲ್ಲಿ ಇವರ ಹೆಸರೇ ಇಲ್ಲ. ಅದರ ಬದಲು ಕೂಲಿಕಾರರನ್ನು ಚೆನ್ನಾಗಿ ನೋಡಿಕೊಂಡಿದ್ದಕ್ಕೆ ಬಿಲ್ಡರಿಗೆ ಒಂದು ಪ್ರಶಸ್ತಿಪತ್ರ ಕೊಡುತ್ತಾರಂತೆ. ಬಯಲಿಗೆ ಹೋಗುವವರನ್ನು ತಡೆಯಲು ಸರ್ಕಾರದ ಕಡೆಯಿಂದ ನಾಲೆಯ ದಂಡೆಗೆ ಸೀಟಿ ಊದುವ ಇಬ್ಬರು ಗಂಡಸರೂ ಬಂದರು. ಎಲ್ಲರ ಮನೆಯಲ್ಲಿ ಸಂಡಾಸ ಇರುವಾಗ ಬಯಲಿಗೆ ಬರುವುದು ಕೊಬ್ಬಲ್ಲದೆ ಮತ್ತೇನು ಎಂದು ಅವರ ವಾದ. ಕಾಗದ ನೋಡಿದರೆ ಅವರು ಹೇಳುವುದೂ ಸರಿಯೇ. ಬೆಳಗಿನ ಜಾವದ ಕತ್ತಲಲ್ಲಿ ಹೆಂಗಸರ ಮೇಲೆ ಬ್ಯಾಟರಿಯ ಬೆಳಕು ಬಿಟ್ಟು ಸೀಟಿ ಊದುತ್ತಿದ್ದರು. ಹೆಂಗಸರು ಅರ್ಧಕ್ಕೇ ಎದ್ದು ಓಡುತ್ತಿದ್ದರು.

ಶೀತಲ್ ಹೋಗುವುದನ್ನೇ ಕಡಿಮೆ ಮಾಡಿದಳು. ಹೋಗುವುದು ಕಡಿಮೆ ಮಾಡಲು ಕುಡಿಯುವುದನ್ನೂ ಕಡಿಮೆ ಮಾಡಿದಳು. ಒಂದು ದಿನ ಚಳಿಜ್ವರ ಬಂದು ಹಲ್ಲು ಕಟಕಟ ಎನ್ನತೊಡಗಿತು. ಸೊಂಟ ಹಿಡಿದುಕೊಂಡು ಚಾಪೆಯ ಮೇಲೆ ಹೊರಳಿದಳು. ಶಿವಬಸವ್ವ ರಿಕ್ಷಾ ಮಾಡಿಕೊಂಡು ಆಸ್ಪತ್ರೆಗೆ ಒಯ್ದಳು.

ಡಾಕ್ಟರಮ್ಮ ಪರೀಕ್ಷೆಯ ಕಾಗದ ನೋಡಿ ಕಣ್ಣು ಕೆಂಪು ಮಾಡಿದಳು. "ಪಾಣೀ ಕಾ ಪೀತ್ ನಾಹೀಸ್?" ಎಂದು ಶೀತಲ್‌ಳನ್ನು ಗದರಿದಳು. ಯಾಕೆ ನೀರು ಕುಡಿಯುವುದಿಲ್ಲ? ಮೂತ್ರ ಕಟ್ಟಿ ಕಟ್ಟಿ ಒಳಗೆ ಕೀವಾಗಿದೆ. ಇನ್ನೊಮ್ಮೆ ಹೀಗಾದರೆ ಕೂಸು ದಿನ ತುಂಬುವ ಮೊದಲೇ ಬರುತ್ತದೆ, ಆಗ ಉಳಿಯುವ ಭರವಸೆ ತಾನು ಕೊಡುವುದಿಲ್ಲ. ದಿನಕ್ಕೆ ಹನ್ನೆರಡು ಗ್ಲಾಸು ನೀರು. ಬಂದಾಗ ತಡೆಯದೆ ಹೋಗಬೇಕು.

"ಮನೆಯಲ್ಲಿ ಸಂಡಾಸ ಇದೆಯಲ್ಲ?" ಎಂದು ಮರಾಠಿಯಲ್ಲೇ ಕೇಳಿದಳು.

ಶೀತಲ್ ಅತ್ತೆಯ ಮುಖ ನೋಡಿದಳು. ಅತ್ತೆ ನೆಲ ನೋಡಿದಳು.

ಮನೆಗೆ ಬಂದ ಮೇಲೆ ಶಿವಬಸವ್ವ ಗ್ಲಾಸು ತುಂಬಿ ಕೊಟ್ಟಳು. ಶೀತಲ್ ಅದನ್ನು ಕೈಯಲ್ಲಿ ಹಿಡಿದು ಕುಳಿತಳೇ ಹೊರತು ಬಾಯಿಗೆ ಒಯ್ಯಲಿಲ್ಲ.

"ಕುಡಿ ಯವ್ವಾ."

"ಕುಡದು ಎಲ್ಲಿ ಹೋಗಲ್ರಿ ಅತ್ತಿ?"

ಸೊಸೆ ಜಗಳ ಮಾಡಿದ್ದರೆ ವಾಸಿಯಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಸುಮ್ಮನೆ ಕೇಳಿದಳು. ಶಿವಬಸವ್ವನಿಗೆ ತನ್ನ ಹೆಬ್ಬೆಟ್ಟನ್ನೇ ನೋಡಲು ನಾಚಿಕೆಯಾಯಿತು. ತವರಿನ ಮರ್ಯಾದೆ ಉಳಿಸಲು ಹೋಗಿ ಮೊಮ್ಮಗುವಿನ ಕೊರಳಿಗೆ ಕೈ ಹಾಕಿದ್ದಳು.

ಮರುದಿನ ಖೋಲಿಯ ಹಿಂದೆ ನಾಲ್ಕು ಬಡಿಗೆ ನೆಟ್ಟು, ಹಳೆಯ ಸೀರೆ ಸುತ್ತಿ, ಗುಂಡಿ ತೋಡಿ ಮರೆ ಮಾಡಿದಳು. ಸಂಜೆಯೊಳಗೆ ಸಿದ್ರಾಮಪ್ಪ ಅದನ್ನು ಒದ್ದು ಕೆಡವಿದ.

"ಶುಕ್ರವಾರ ಸರ್ಕಾರದ ಸಾಹೇಬ ಪ್ರಶಸ್ತಿ ಕೊಡಾಕ ಬರ್ತಾನ. ಅವನ ಮುಂದ ಈ ಹೊಲಸ ತೋರಸ್ತಿ ಏನ? ನೀನ ಅಲ್ಲೇನ ಅದ ಅಂತ ಬರಸಿದಾಕಿ? ನಾನೇನ ಬರಸ ಅಂದಿದ್ನಿ?"

ಬಡವರ ಬಾಯಿಂದಲೇ ಹೊರಟ ಮಾತಿನಿಂದ ಬಡವರ ಬಾಯಿ ಮುಚ್ಚಿಸುವುದು ಇಂಥವರಿಗೆ ನೀರು ಕುಡಿದಷ್ಟು ಸುಲಭ.

ಅಮರ ಆಚೆಯ ಸೈಟಿನಲ್ಲಿದ್ದಾನೆಂದು ತಿಳಿದು ಕೆಲಸದ ನಡುವೆಯೇ ಓಡಿದಳು. ಸಿಮೆಂಟಿನ ಕೈಯಲ್ಲೇ ಅವನ ಮುಂದೆ ನಿಂತಳು.

"ತಮ್ಮಾ, ನಾ ಅವತ್ತ ಸುಳ್ಳ ಹೇಳಿದ್ನೆಪ್ಪ. ನಮಗ ಸಂಡಾಸ ಇಲ್ಲ. ನೀ ತವರಿನಾಂವ ಅಂತ..."

ಅವನು ತಲೆ ತಗ್ಗಿಸಿದ.

"ನನಗ ಗೊತ್ತಿತ್ರಿ ಅಕ್ಕಾ."

"ಗೊತ್ತಿತ್ತು?"

"ನಾಲಾದ ದಂಡಿ ಹಿಡದ ನಡಕೊಂಡ ಬಂದಿದ್ನಿ. ಎಲ್ಲಾ ನೋಡಿದ್ನಿ. ಆದ್ರ ನೀವು ಅದ ಅಂದಮ್ಯಾಲ, ಅಕ್ಕಾ ನೀವು ಸುಳ್ಳ ಹೇಳತೀರಿ ಅಂತ ಹೆಂಗ ಅನ್ನಲಿ? ಆ ಹಸರ ಬಾಗಲದ ಫೋಟೋ ಒಂದನ್ನ ಅರವತ್ತನಾಕ ಮನಿಗೂ ಹಚ್ಚೀನಿ. ನಮ್ಮ ಸೂಪರ್‌ವೈಜರನೂ ಹಚ್ಚು ಅಂದ. ದಿನಕ್ಕ ನಲವತ್ತ ಫಾರ್ಮ ಮುಗಸಬೇಕ್ರಿ."

ಒಬ್ಬರ ಮರ್ಯಾದೆಯನ್ನು ಒಬ್ಬರು ಕಾದು, ಇಬ್ಬರೂ ಸೇರಿ ಅರವತ್ತನಾಲ್ಕು ಮನೆ ಮುಳುಗಿಸಿದ್ದರು.

"ಈಗ ತಿದ್ದು."

"ಲಾಕ್ ಆಗೇದ್ರಿ. ಶುಕ್ರವಾರ ಬರೋ ಸಾಹೇಬಗ ಅಷ್ಟ ತಿದ್ದಾಕ ಬರ್ತದ. ಅವಗ ನೀವ ಹೇಳಬೇಕು, ಎಲ್ಲಾರ ಮುಂದ. ನಾ ಹೇಳಿದ್ರ ನನ್ನ ನೌಕರಿ ಹೋಗ್ತದ್ರಿ ಅಕ್ಕಾ."

ಅಂದು ಸಂಜೆ ಟ್ಯಾಂಕರಿನ ಸುತ್ತ ಕೊಡ ಹಿಡಿದು ನಿಂತ ಹೆಂಗಸರ ನಡುವೆ ಶಿವಬಸವ್ವ ಎಲ್ಲವನ್ನೂ ಹೇಳಿದಳು. "ಮೊದಲ ಬೊಗಳಿದಾಕಿ ನಾನ. ನನ್ನ ಸೊಸಿ ಹಾಸಿಗಿ ಹಿಡದಾಳ. ಶುಕ್ರವಾರ ಸಾಹೇಬನ ಮುಂದ ಇಲ್ಲ ಅಂತ ಹೇಳ್ತೀನಿ. ನೀವು ಬಂದ್ರ ಬರ್ರಿ, ಬಿಟ್ರ ಬಿಡ್ರಿ."

ಯಾರೂ ಅವಳನ್ನು ಬೈಯಲಿಲ್ಲ. ಎಲ್ಲರ ಹೆಬ್ಬೆಟ್ಟೂ ಅದರಲ್ಲಿತ್ತು. ಸಾಬವ್ವ ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು.

"ಇಲ್ಲ ಅಂದ್ರ ಯಾಂವ ನಂಬತಾನ? ನಿಮ್ಮ ಹೆಬ್ಬಟ್ಟ ನೋಡ್ರಿ, ಫೋಟೋ ನೋಡ್ರಿ ಅಂತಾರ. ಅದ ಅಂತ ಅವ್ರ ಬರಕೊಂಡಾರಲ್ಲ? ಫೋಟೋದಾಗ ಬಾಗಲಾ ಅದಲ್ಲ? ನಡೀರಿ, ಅಲ್ಲೇ ಹೋಗೂಣು!"

ಮೊದಲು ನಗು ಬಂತು. ನಗು ನಿಂತ ಮೇಲೂ ಮಾತು ಅಲ್ಲೇ ಉಳಿಯಿತು.

ಶುಕ್ರವಾರ ಹೆಂಗಸರು ಯಾರೂ ಬುಟ್ಟಿ ಮುಟ್ಟಲಿಲ್ಲ. ಬೆಳಿಗ್ಗೆಯಿಂದ ನೀರು ಕುಡಿದರು. ಎಷ್ಟೋ ವರ್ಷದ ಬಾಕಿಯನ್ನೆಲ್ಲ ಒಂದೇ ದಿನ ತೀರಿಸುವವರಂತೆ ಚರಿಗೆ ಎತ್ತಿ ಎತ್ತಿ ಕುಡಿದರು. ಹನ್ನೊಂದು ಗಂಟೆಗೆ ಮನೆಗೊಬ್ಬರಂತೆ ಅರವತ್ತನಾಲ್ಕು ಹೆಂಗಸರು, ಕೈಯಲ್ಲಿ ಚರಿಗೆ, ಡಬ್ಬಿ, ಬಾಟಲಿ ಹಿಡಿದು ಹೊರಟರು. ಹಾಡಹಗಲಿನಲ್ಲಿ, ಗಂಡಸರೆಲ್ಲ ನೋಡುವಂತೆ. ಶಿವಬಸವ್ವನಿಗೆ ಮೈಯೆಲ್ಲ ಹಿಡಿಯಷ್ಟಾದಂತಿತ್ತು. ಜೀವಮಾನವೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದ ಚರಿಗೆ ಇಂದು ಎದೆಯ ಮುಂದಿತ್ತು. ಪಕ್ಕದಲ್ಲಿ ಶೀತಲ್, ನಡೆಯಬೇಡವೆಂದರೂ ಕೇಳದೆ ಬಂದವಳು.

ಸೇಲ್ಸ್ ಆಫೀಸಿನ ಒಳಗೆ ತಣ್ಣನೆಯ ಗಾಳಿ. ಫ್ಲಾಟು ನೋಡಲು ಬಂದ ಮೂರು ಸಂಸಾರಗಳು ಸೋಫಾದ ಮೇಲೆ. ಸಾಹೇಬ ಹೂಗುಚ್ಛ ಹಿಡಿದು, ಪ್ರಶಸ್ತಿಪತ್ರ ಕೊಡುವ ಫೋಟೋಕ್ಕೆ ನಿಂತಿದ್ದ. ಪಕ್ಕದಲ್ಲಿ ಬಿಲ್ಡರಿನ ಮ್ಯಾನೇಜರು, ಸಿದ್ರಾಮಪ್ಪ, ಒಂದು ಮೂಲೆಯಲ್ಲಿ ಟ್ಯಾಬು ಹಿಡಿದ ಅಮರ. ಗಾಜಿನ ಬಾಗಿಲು ತೆರೆದು ಹೆಂಗಸರು ಒಳಗೆ ಬಂದರು. ಬರುತ್ತಲೇ ಇದ್ದರು.

"ಏ! ಎಲ್ಲಿ ನುಗ್ಗತೀರಿ? ಹೊರಗ ನಡೀರಿ!" ಎಂದು ಸಿದ್ರಾಮಪ್ಪ ಕೂಗಿದ.

ಶಿವಬಸವ್ವ ಅವನ ಕಡೆ ನೋಡಲಿಲ್ಲ. ಅಮರನ ಮುಂದೆ ಹೋಗಿ ನಿಂತಳು.

"ತಮ್ಮಾ, ನನಗ ಮರಾಠಿ ನೆಟ್ಟಗ ಬರೂದಿಲ್ಲ. ನಾ ಹೇಳಿದ್ದನ್ನ ಒಂದ ಮಾತ ಬಿಡದ ಸಾಹೇಬಗ ಹೇಳು."

ಅಮರ ಸಾಹೇಬನನ್ನು ನೋಡಿದ, ಮ್ಯಾನೇಜರನನ್ನು ನೋಡಿದ.

"ನಾವು ಹೊರಕಡಿ ಹೋಗ್ತೀವಿ," ಎಂದಳು ಶಿವಬಸವ್ವ. ನಾಚಿಕೆಗೆ ಕಿವಿ ಸುಟ್ಟವು. ಆದರೂ ದನಿ ಏರಿತು. "ನಾಲಾದ ದಂಡಿಗಿ, ಜಾಲಿಕಂಟಿ ಮರಿಗಿ ಹೋಗ್ತೀವಿ. ಅಲ್ಲಿ ಗಂಡಸರು ನಮ್ಮ ಮ್ಯಾಲ ಬ್ಯಾಟ್ರಿ ಬಿಡತಾರ. ನೀ ನಮ್ಮ ಊರಾಂವ ಅಂತ ನಾ ನಿನ್ನ ಮುಂದ ಸುಳ್ಳ ಹೇಳಿದ್ನಿ. ಇವತ್ತ ನಿನ್ನ ಮುಂದನ ಖರೆ ಹೇಳಾಕತ್ತೀನಿ. ಹೇಳು."

ಸೋಫಾದ ಮೇಲಿದ್ದವರು ಕೈಯಲ್ಲಿದ್ದ ಕಾಫಿ ಕೆಳಗಿಟ್ಟರು. ಅಮರ ಮರಾಠಿಯಲ್ಲಿ ಶುರು ಮಾಡಿದ. ಬ್ಯಾಟರಿಯ ಮಾತನ್ನೂ ಬಿಡಲಿಲ್ಲ. ಅವಳು ಹೇಳದ್ದನ್ನೂ ಸೇರಿಸಿದ. ಫೋಟೋ ತಾನೇ ಹಚ್ಚಿದ್ದು, ಅರವತ್ತನಾಲ್ಕು ಮನೆಗೂ ಒಂದೇ ಬಾಗಿಲು ಎಂದ. ಟ್ಯಾಬು ತೆರೆದು ಸಾಹೇಬನ ಕಣ್ಣ ಮುಂದೆ ಹಿಡಿದು ಬೆರಳಿಂದ ಸರಿಸಿದ. ಹಸಿರು ಬಾಗಿಲು. ಹಸಿರು ಬಾಗಿಲು. ಮತ್ತೆ ಹಸಿರು ಬಾಗಿಲು.

"ಅದು ಕಸ್ಟಮರ್‌ಗಳದು. ಇವರದಲ್ಲ!" ಎಂದ ಮ್ಯಾನೇಜರು ಮರಾಠಿಯಲ್ಲಿ.

"ನಮ್ಮದಲ್ಲ ಅಂದ್ರ ನಮ್ಮದ ಎಲ್ಲಿ ಅದ ತೋರಸಂತ ಹೇಳ್ರಿ," ಎಂದಳು ಸಾಬವ್ವ ಹಿಂದಿನಿಂದ. "ಇಲ್ಲ ಅಂದ್ರ ಇಲ್ಲ ಅಂತ ಬರೀರಿ. ಎರಡರಾಗ ಒಂದ ಮಾಡ್ರಿ. ನಾವು ನೀರ ಕುಡದ ಬಂದೇವಿ, ಭಾಳ ಹೊತ್ತ ನಿಲ್ಲೂದಿಲ್ಲ."

ಸಹಿ ಹಾಕಿದ ಪ್ರಶಸ್ತಿಪತ್ರ ಸಾಹೇಬನ ಕೈಯಲ್ಲಿತ್ತು. ಅದನ್ನು ಹರಿಯಲೂ ಬಾರದು, ಕೊಡಲೂ ಬಾರದು. ಮ್ಯಾನೇಜರು ಫ್ಲಾಟು ಕೊಳ್ಳಲು ಬಂದವರ ಕಡೆ ನೋಡಿ ನಗಲು ಪ್ರಯತ್ನಿಸುತ್ತಿದ್ದ.

"ಅತ್ತಿ," ಎಂದಳು ಶೀತಲ್ ಮೆಲ್ಲಗೆ. "ನನಗ ತಡಕೊಳ್ಳಾಕ ಆಗವಲ್ದು."

ಶಿವಬಸವ್ವ ಸೊಸೆಯ ರಟ್ಟೆ ಹಿಡಿದು ಹಸಿರು ಬಾಗಿಲ ಕಡೆ ನಡೆದಳು. ಅಡ್ಡ ನಿಂತಿದ್ದ ಕಾವಲುಗಾರ ಶೀತಲ್‌ಳ ಹೊಟ್ಟೆ ನೋಡಿದ, ಮ್ಯಾನೇಜರನ ಮುಖ ನೋಡಿದ, ಪಕ್ಕಕ್ಕೆ ಸರಿದ. ಶೀತಲ್ ಒಳಗೆ ಹೋದಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಇಡೀ ಆಫೀಸಿಗೆ ಕೇಳಿಸಿತು.

ಶಿವಬಸವ್ವ ಬಾಗಿಲಿಗೆ ಬೆನ್ನು ಕೊಟ್ಟು ಎಲ್ಲರ ಕಡೆ ತಿರುಗಿ ನಿಂತಳು.

"ಬರಕೋ ತಮ್ಮಾ," ಎಂದಳು. "ಒಂದ ಮನಿ ಆತು. ಇನ್ನ ಅರವತ್ತಮೂರ ಅದಾವ."